ಫಿನೈಲ್ ಮೆಗ್ನೀಸಿಯಂ ಬ್ರೋಮೈಡ್: ಈಥರ್ ಚೆನ್ನಾಗೇ ಕುದೀತಿದೆ, ಟೈಟರ್ ಮಾತ್ರ ಕಮ್ಮಿ (ಜೊತೆಗೆ ಮೆಗ್ನೀಸಿಯಂ ಕ್ಲಸ್ಟರ್ ಬಗ್ಗೆ ಒಂದು ಪ್ರಶ್ನೆ)

ಕೀಟೋನ್_ಕಲಬುರಗಿ:

ಎಂ.ಎಸ್ಸಿ ಪ್ರಾಕ್ಟಿಕಲ್‌ಗೆ ಮೀಥೈಲ್ ಬೆಂಜೋಯೇಟ್‌ನಿಂದ ಟ್ರೈಫಿನೈಲ್‌ಮೆಥನಾಲ್ ಮಾಡಿಸಬೇಕಿದೆ. ಇಳುವರಿ ಗ್ರಿಗ್ನಾರ್ಡ್ ಹಂತದಲ್ಲೇ (ಬ್ರೋಮೋಬೆಂಜೀನ್ ಮತ್ತು ಮೆಗ್ನೀಸಿಯಂ ಸೇರಿ ಫಿನೈಲ್ ಮೆಗ್ನೀಸಿಯಂ ಬ್ರೋಮೈಡ್ ಅನ್ನೋ ಗ್ರಿಗ್ನಾರ್ಡ್ ಆಗೋ ಹಂತ) ಸೋರಿಹೋಗ್ತಿದೆ, ಟೈಟರ್ (ಟೈಟ್ರೇಷನ್ ಮಾಡಿ ಅಳೆದ ಸಾಂದ್ರತೆ) ಕಮ್ಮಿ ಬರ್ತಿದೆ ಅನ್ನೋದು ಖಚಿತ, ಎಲ್ಲಿಂದ ಅನ್ನೋದು ಸಿಗ್ತಿಲ್ಲ. ವಿವರ ಪೂರ್ತಿ ಹಾಕ್ತಿದ್ದೀನಿ.

ಮೆಗ್ನೀಸಿಯಂ ಟರ್ನಿಂಗ್ಸ್ (ಲೋಹದ ಸಿಬಿರು ಚೂರು) 2.7 ಗ್ರಾಂ (0.11 ಮೋಲ್), ಬ್ರೋಮೋಬೆಂಜೀನ್ 15.7 ಗ್ರಾಂ ಅಂದರೆ 10.5 ಮಿಲೀ (0.10 ಮೋಲ್), ಡೈಈಥೈಲ್ ಈಥರ್ 50 ಮಿಲೀ. 250 ಮಿಲೀ ಮೂರು ಕತ್ತಿನ ಫ್ಲಾಸ್ಕ್, 120 ಡಿಗ್ರಿ ಅವನ್‌ನಲ್ಲಿ ನಾಲ್ಕು ಗಂಟೆ ಇಟ್ಟು ನೈಟ್ರೋಜನ್ ಅಡಿಯಲ್ಲಿ ತಣಿಸಿದ್ದು. ಈಥರನ್ನು 3 ಆಂಗ್‌ಸ್ಟ್ರಾಂ ಮಾಲಿಕ್ಯುಲರ್ ಸೀವ್ಸ್ ಮೇಲೆ (300 ಡಿಗ್ರಿಯಲ್ಲಿ ಆಕ್ಟಿವೇಟ್ ಮಾಡಿದ್ದು, 100 ಮಿಲೀಗೆ 20 ಗ್ರಾಂ) ಮೂರು ದಿನ ಇಡಲಾಗಿದೆ. ಕಾರ್ಲ್ ಫಿಷರ್‌ನಲ್ಲಿ (ನೀರಿನ ಅಂಶ ಅಳೆಯೋ ಟೈಟ್ರೇಷನ್) ನೀರು 30 ಪಿಪಿಎಂ.

ಒಂದು ಅಯೋಡಿನ್ ಹರಳು ಹಾಕಿದ ಮೇಲೆ ಕಂದು ಬಣ್ಣ ಹೋಗುತ್ತೆ, ಗುಳ್ಳೆ ಏಳುತ್ತೆ, ಈಥರ್ ರಿಫ್ಲಕ್ಸ್ ಆಗುತ್ತೆ (ಕುದಿದು, ಕಂಡೆನ್ಸರ್ ಒಳಗೆ ತಣಿದು ವಾಪಸ್ ಬೀಳುತ್ತೆ). ಶುರುವಾಯ್ತು ಅಂತ ಬ್ರೋಮೋಬೆಂಜೀನ್ ಪೂರ್ತಿ 20 ನಿಮಿಷದಲ್ಲಿ ಬಿಟ್ಟರೆ, ಅರ್ಧ ದಾಟಿದ ಮೇಲೆ ಇದ್ದಕ್ಕಿದ್ದಂತೆ ಉಕ್ಕಿ ಕಂಡೆನ್ಸರ್ ತುದಿಯವರೆಗೂ ಈಥರ್ ಬರುತ್ತೆ. ಹೋದದ್ದಕ್ಕೆ ಅದೇ ಬಾಟಲಿಯ ಈಥರ್ 10 ಮಿಲೀ ಸೇರಿಸಿ ಕೊನೆಗೆ ಒಟ್ಟು 60 ಮಿಲೀ ಮಾಡಿದ್ದು.

ಆಸಿಡ್ ಟೈಟ್ರೇಷನ್ (1 ಮಿಲೀ ಸ್ಯಾಂಪಲ್, ಹೆಚ್ಚುವರಿ ಹೈಡ್ರೋಕ್ಲೋರಿಕ್ ಆಮ್ಲ, ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಬ್ಯಾಕ್ ಟೈಟ್ರೇಷನ್, ಫಿನಾಲ್ಫ್ತಲೀನ್): 1.40 ಮೋಲಾರ್. ಅಯೋಡಿನ್ ಟೈಟ್ರೇಷನ್: 254 ಮಿಲಿಗ್ರಾಂ ಅಯೋಡಿನ್‌ಗೆ 0.91 ಮಿಲೀ ಹಿಡೀತು, ಅಂದರೆ 1.10 ಮೋಲಾರ್. 6.8 ಗ್ರಾಂ ಮೀಥೈಲ್ ಬೆಂಜೋಯೇಟ್ ಸೇರಿಸಿ ಕೊನೆಗೆ ಸಿಕ್ಕ ಟ್ರೈಫಿನೈಲ್‌ಮೆಥನಾಲ್ 7.4 ಗ್ರಾಂ. ಪೆಟ್ರೋಲಿಯಂ ಈಥರ್ ತೊಳೆತದಿಂದ ಬೈಫಿನೈಲ್ 1.2 ಗ್ರಾಂ. ಲ್ಯಾಬ್ ತಾಪ 36 ಡಿಗ್ರಿ.

ಇನ್ನೊಂದು. ಗ್ರಿಗ್ನಾರ್ಡ್ ರೂಪುಗೊಳ್ಳುವಾಗ ಮೊದಲು ಕಡಿಮೆ ವೇಲೆನ್ಸಿಯ ಮೆಗ್ನೀಸಿಯಂ ಕ್ಲಸ್ಟರ್ ಆಗುತ್ತೆ ಅಂತ ಓದಿದೆ. ಫ್ಲಾಸ್ಕ್ ತಳದಲ್ಲಿ ಉಳಿಯೋ ಕಪ್ಪು-ಬೂದು ಪುಡಿ ಅದೇನಾ? ಅದನ್ನೇ ಮುಂದಿನ ಬ್ಯಾಚ್‌ಗೆ ಹಾಕಿ ಬೇಗ ಸ್ಟಾರ್ಟ್ ಮಾಡಬಹುದಾ?


ಒಣ_ಫ್ಲಾಸ್ಕ್:

ಇಲ್ಲಿರೋದು ಒಂದೇ ಸಮಸ್ಯೆ ಅಲ್ಲ, ಎರಡು ಮೂರು ಒಂದರ ಮೇಲೊಂದು ಕೂತಿವೆ. ನಾನು ಸ್ಟಾರ್ಟ್ ವಿಷಯ ಮಾತ್ರ ಹೇಳ್ತೀನಿ. ಟೈಟರ್ ಬಗ್ಗೆ ಬೇರೆಯವರು ಬರ್ತಾರೆ.

ಈಥರ್ ಕುದಿಬಿಂದು 34.6 ಡಿಗ್ರಿ, ಅದೂ ಸಮುದ್ರಮಟ್ಟದಲ್ಲಿ. ಕಲಬುರಗಿ 450 ಮೀಟರ್ ಎತ್ತರದಲ್ಲಿದೆ, ಅಲ್ಲಿ 33ರ ಸುಮಾರಿಗೇ ಕುದಿಯುತ್ತೆ. ನಿಮ್ಮ ಲ್ಯಾಬ್ 36. ಅಂದಮೇಲೆ ಫ್ಲಾಸ್ಕ್‌ನಲ್ಲಿ ಮೆಗ್ನೀಸಿಯಂ ಬದಲು ಗೋಲಿ ಹಾಕಿದ್ದರೂ ರಿಫ್ಲಕ್ಸ್ ಆಗುತ್ತಿತ್ತು! ಪಠ್ಯಪುಸ್ತಕದಲ್ಲಿ "ಈಥರ್ ತಾನಾಗಿ ಕುದಿಯತೊಡಗಿದರೆ ಪ್ರತಿಕ್ರಿಯೆ ಆರಂಭವಾಗಿದೆ" ಅಂತ ಬರೆದಿದ್ದು 20 ಡಿಗ್ರಿ ಲ್ಯಾಬ್ ಇರುವ ಊರಿನವರು. ಬೆಂಗಳೂರಿನಲ್ಲೂ ಈಥರ್ 31-32ಕ್ಕೇ ಕುದಿಯೋದು, ಆದರೆ ಅಲ್ಲಿ ಲ್ಯಾಬ್ ತಣ್ಣಗಿರೋದರಿಂದ ಯಾರಿಗೂ ಗೊತ್ತಾಗಲ್ಲ.

ಅಯೋಡಿನ್ ಬಣ್ಣ ಹೋಯ್ತು ಅಂದರೆ ಅಯೋಡಿನ್ ಮೆಗ್ನೀಸಿಯಂ ಜೊತೆ ಸೇರಿ ಮೆಗ್ನೀಸಿಯಂ ಅಯೋಡೈಡ್ ಆಯ್ತು, ಅಷ್ಟೇ. ಬ್ರೋಮೋಬೆಂಜೀನ್ ಇನ್ನೂ ಮುಟ್ಟಿಲ್ಲದೇ ಇರಬಹುದು. ನಿಜವಾದ ಸ್ಟಾರ್ಟ್ ನೋಡೋಕೆ ಲೋಹದ ಮೇಲೆ ಕಣ್ಣಿಡಿ: ಹೊಳೆಯೋ ಟರ್ನಿಂಗ್ ಮೇಲೆ ಅಲ್ಲಲ್ಲಿ ಮಂಕು ಚುಕ್ಕೆ ಬೀಳುತ್ತೆ, ಆ ಚುಕ್ಕೆಯಿಂದ ಹಾಲು ಬೆರೆಸಿದ ಹಾಗೆ ಮಬ್ಬು ಎಳೆ ಎಳೆಯಾಗಿ ಏಳುತ್ತೆ, ಹತ್ತು ನಿಮಿಷದೊಳಗೆ ದ್ರಾವಣ ಬೂದುಗಂದು ಆಗುತ್ತೆ. ಈ ಮೂರೂ ಇಲ್ಲದಿದ್ದರೆ ಗುಳ್ಳೆಗೆ ಬೆಲೆ ಕೊಡಬೇಡಿ.

ನಿಮಗೆ ಸುಲಭದ ಪರೀಕ್ಷೆ ಇದೆ. ಫ್ಲಾಸ್ಕನ್ನು 22-25 ಡಿಗ್ರಿ ನೀರಿನ ತೊಟ್ಟಿಯಲ್ಲಿ ಇಟ್ಟೇ ಶುರುಮಾಡಿ. ಆ ತಾಪದಲ್ಲಿ ಈಥರ್ ಸುಮ್ಮನಿರುತ್ತೆ. ಅಷ್ಟಾದರೂ ಕುದಿದರೆ ಅದು ಪ್ರತಿಕ್ರಿಯೆಯ ಬಿಸಿ. ಐಸ್ ತೊಟ್ಟಿ ಮಾತ್ರ ಬೇಡ, ಸ್ಟಾರ್ಟ್ ಆಗುವ ಮೊದಲು ಐಸ್ ಇಟ್ಟರೆ ಇದ್ದಬದ್ದ ಜೀವವೂ ಹೋಗುತ್ತೆ. ಐಸನ್ನು ಪಕ್ಕದಲ್ಲಿ ಸಿದ್ಧವಾಗಿಟ್ಟುಕೊಳ್ಳಿ, ಉಕ್ಕಿದಾಗ ಬೇಕು.

ಉಕ್ಕಿದ್ದು ಯಾಕೆ ಅಂತ ಲೆಕ್ಕ ನೋಡಿ. ಗ್ರಿಗ್ನಾರ್ಡ್ ರೂಪುಗೊಳ್ಳುವಾಗ ಮೋಲ್‌ಗೆ 250 ಕಿಲೋಜೂಲ್ ಆಸುಪಾಸು ಬಿಸಿ ಬರುತ್ತೆ. 0.1 ಮೋಲ್‌ಗೆ 25 ಕಿಲೋಜೂಲ್. ಒಂದು ಗ್ರಾಂ ಈಥರ್ ಆವಿಯಾಗೋಕೆ 0.36 ಕಿಲೋಜೂಲ್ ಸಾಕು. ಅಂದರೆ ಈ ಬಿಸಿ 70 ಗ್ರಾಂ ಈಥರನ್ನು ಆವಿ ಮಾಡಬಲ್ಲದು, ನಿಮ್ಮ ಫ್ಲಾಸ್ಕ್‌ನಲ್ಲಿ ಇರೋದು 36 ಗ್ರಾಂ. ಅರ್ಧ ಬ್ರೋಮೋಬೆಂಜೀನ್ ಪ್ರತಿಕ್ರಿಯಿಸದೆ ಗುಡ್ಡೆ ಬಿದ್ದಿದ್ದು ಒಮ್ಮೆಲೇ ಹೊತ್ತಿಕೊಂಡರೂ ದ್ರಾವಕ ಪೂರ್ತಿ ಮೇಲಕ್ಕೆ ಹೋಗುತ್ತೆ. ಹಾಗಾಗಿ ಸ್ಟಾರ್ಟ್ ಖಚಿತವಾಗುವವರೆಗೆ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಹ್ಯಾಲೈಡ್ (ಇಲ್ಲಿ ಬ್ರೋಮೋಬೆಂಜೀನ್) ಫ್ಲಾಸ್ಕ್‌ಗೆ ಇಳಿಯಬಾರದು. ವಿದ್ಯಾರ್ಥಿಗಳ ಕೈಗೆ ಕೊಡುವಾಗ ಡ್ರಾಪಿಂಗ್ ಫನಲ್‌ಗೆ ಮೊದಲ ಸಲ 1 ಮಿಲೀ ಮಾತ್ರ ತುಂಬಿಸಿ, ಆಮೇಲೆ ಉಳಿದದ್ದು.

ಮಾಡೋ ಕ್ರಮ: ಟರ್ನಿಂಗ್ಸ್ ಹಳೆಯದಾಗಿ ಬೂದು ಬಣ್ಣಕ್ಕೆ ತಿರುಗಿದ್ದರೆ 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅರ್ಧ ನಿಮಿಷ, ನೀರು, ಅಸಿಟೋನ್, ಕೊನೆಗೆ ಈಥರ್‌ನಲ್ಲಿ ತೊಳೆದು ವ್ಯಾಕ್ಯೂಮ್‌ನಲ್ಲಿ ಒಣಗಿಸಿ. ಇನ್ನೂ ಒಳ್ಳೆಯದು ಅಂದರೆ ದ್ರಾವಕ ಹಾಕದೆ ಬರೀ ಟರ್ನಿಂಗ್ಸ್‌ಅನ್ನು ನೈಟ್ರೋಜನ್ ಅಡಿಯಲ್ಲಿ ರಾತ್ರಿಯಿಡೀ ಮ್ಯಾಗ್ನೆಟಿಕ್ ಬಾರ್‌ನಿಂದ ತಿರುಗಿಸೋದು. ಚೂರುಗಳು ಒಂದಕ್ಕೊಂದು ಉಜ್ಜಿ ಆಕ್ಸೈಡ್ ಸಿಪ್ಪೆ ಉದುರಿ ಬೆಳಿಗ್ಗೆಗೆ ಕಪ್ಪಗಾಗಿರುತ್ತೆ. ಅದರ ಮೇಲೆ 10 ಮಿಲೀ ಈಥರ್, 1 ಮಿಲೀ ನೀಟ್ ಬ್ರೋಮೋಬೆಂಜೀನ್, ಕಲಕದೆ ಐದು ನಿಮಿಷ. ಕಲಕಿದರೆ ಲೋಹದ ಪಕ್ಕದ ಸಾಂದ್ರತೆ ಚದುರಿಹೋಗುತ್ತೆ. ಆಗಲೂ ಅಲುಗಾಡದಿದ್ದರೆ 0.2 ಮಿಲೀ 1,2-ಡೈಬ್ರೋಮೋಈಥೇನ್. ಆ ಗುಳ್ಳೆ ಎಥಿಲೀನ್‌ದು, ಅದನ್ನೂ ಸ್ಟಾರ್ಟ್ ಅಂದುಕೊಳ್ಳಬೇಡಿ. ಅದು ತಿನ್ನೋದು 2.3 ಮಿಲಿಮೋಲ್ ಮೆಗ್ನೀಸಿಯಂ, ನಿಮ್ಮ ಹತ್ತು ಮಿಲಿಮೋಲ್ ಹೆಚ್ಚುವರಿಯಲ್ಲಿ ಸಲೀಸಾಗಿ ಹೋಗುತ್ತೆ. ಕ್ಯಾನ್ಸರ್‌ಕಾರಕ ವಸ್ತು, ಹುಡ್ ಮತ್ತು ಕೈಗವಸು ಇಲ್ಲದೆ ಬಾಟಲಿ ತೆರೆಯಬೇಡಿ. ಎಲ್ಲಕ್ಕಿಂತ ಖಚಿತವಾದ ದಾರಿ ಹಿಂದಿನ ಬ್ಯಾಚ್‌ನ ತಿಳಿ ಗ್ರಿಗ್ನಾರ್ಡ್ 1 ಮಿಲೀ ಮೊದಲೇ ಹಾಕೋದು: ಫ್ಲಾಸ್ಕ್‌ನ ಕೊನೆಯ ತೇವವನ್ನೂ ಅದೇ ಹೀರಿಕೊಳ್ಳುತ್ತೆ. ಗಾಜಿನ ಕಡ್ಡಿಯಿಂದ ಟರ್ನಿಂಗ್ ಜಜ್ಜೋದು ಕೆಲಸ ಮಾಡುತ್ತೆ ನಿಜ, ಆದರೆ ದುಂಡು ತಳಕ್ಕೆ ತೂತು ಬಿದ್ದರೆ ಈಥರ್ ನೇರ ಹಾಟ್‌ಪ್ಲೇಟ್ ಮೇಲೆ.

ಕಂಡೆನ್ಸರ್‌ಗೆ ಟ್ಯಾಂಕ್ ನೀರು ಬೇಸಿಗೆಯಲ್ಲಿ ಉಪಯೋಗಕ್ಕಿಲ್ಲ, ಅದೇ 32-33 ಇರುತ್ತೆ. ಬಕೆಟ್‌ನಲ್ಲಿ ಐಸ್ ನೀರು, ಏರ್‌ಕೂಲರ್‌ಗೆ ಹಾಕೋ ಚಿಕ್ಕ ಸಬ್‌ಮರ್ಸಿಬಲ್ ಪಂಪ್ ಸಾಕು. ಬಕೆಟ್ ಮತ್ತು ಸ್ವಿಚ್ ಹುಡ್‌ನಿಂದ ದೂರ ಇರಲಿ. ಈಥರ್ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿದು ಕಿಡಿ ಹುಡುಕಿಕೊಂಡು ಹೋಗುತ್ತೆ.


ಟೈಟ್ರಂಟ್:

ಎರಡೂ ಟೈಟರ್ ಕೊಟ್ಟಿದ್ದು ಒಳ್ಳೇದಾಯ್ತು, ಹೆಚ್ಚಿನವರು ಆಸಿಡ್ ಟೈಟರ್ ಒಂದನ್ನೇ ನೋಡಿ ಸುಮ್ಮನಾಗ್ತಾರೆ. ಆಸಿಡ್ ಎಣಿಸೋದು ಒಟ್ಟು ಕ್ಷಾರವನ್ನು: ಫಿನೈಲ್-ಮೆಗ್ನೀಸಿಯಂ ಬಂಧವೂ ಲೆಕ್ಕಕ್ಕೆ, ಹೈಡ್ರಾಕ್ಸೈಡೂ ಲೆಕ್ಕಕ್ಕೆ, ಆಲ್ಕಾಕ್ಸೈಡೂ ಲೆಕ್ಕಕ್ಕೆ. ಅಯೋಡಿನ್ ಮುಟ್ಟೋದು ಇಂಗಾಲ-ಮೆಗ್ನೀಸಿಯಂ ಬಂಧವನ್ನು ಮಾತ್ರ. ಎರಡರ ಅಂತರವೇ ಸತ್ತ ಮಾಲು.

ನಿಮ್ಮ ಅಂತರ 0.30 ಮೋಲಾರ್, 60 ಮಿಲೀಯಲ್ಲಿ 18 ಮಿಲಿಮೋಲ್. ಇಷ್ಟು ಹೈಡ್ರಾಕ್ಸೈಡ್ ಬರಬೇಕಾದರೆ 320 ಮಿಲಿಗ್ರಾಂ ನೀರು ಬೇಕು. 30 ಪಿಪಿಎಂ ಈಥರ್‌ನಲ್ಲಿ 60 ಮಿಲೀಗೆ ನೀರು ಒಂದೂವರೆ ಮಿಲಿಗ್ರಾಂ ಕೂಡ ಇಲ್ಲ. ಹಾಗಾಗಿ ನೀರಲ್ಲ. ಆಮ್ಲಜನಕ ಹೊಕ್ಕಿದ್ದರೆ ವರ್ಕ್‌ಅಪ್‌ನಲ್ಲಿ ಫಿನಾಲ್ ಸಿಗಬೇಕಿತ್ತು, ಕಾಸ್ಟಿಕ್ ತೊಳೆತವನ್ನು ಆಮ್ಲಗೊಳಿಸಿ ಮೂಸಿದರೆ ಗೊತ್ತಾಗುತ್ತೆ.

ಈಥರ್ ಬಾಟಲಿಯ ಲೇಬಲ್ ಓದಿ. ಶುದ್ಧತೆಯ ಸಾಲಲ್ಲ, ಸ್ಟೆಬಿಲೈಜರ್ ಸಾಲು. ಏನಿದೆ ಹೇಳಿ.


ಕೀಟೋನ್_ಕಲಬುರಗಿ:

ಫಿನಾಲ್ ಇಲ್ಲ, ಫೆರಿಕ್ ಕ್ಲೋರೈಡ್ ಪರೀಕ್ಷೆಯೂ ನೆಗೆಟಿವ್. ಲೇಬಲ್ ಮೇಲೆ "ಸ್ಟೆಬಿಲೈಜರ್: ಎಥನಾಲ್, ಸುಮಾರು ಶೇ. 2" ಅಂತಿದೆ. ಅಷ್ಟು ಕಮ್ಮಿ ಎಥನಾಲ್ ಇಷ್ಟೊಂದು ಕೆಡಿಸುತ್ತಾ? ಸೀವ್ಸ್ ಹೀರಿಕೊಂಡಿರಬೇಕಲ್ವಾ?


ಟೈಟ್ರಂಟ್:

ಸಿಕ್ಕಿಬಿತ್ತು. ನಿಮ್ಮ ಫ್ಲಾಸ್ಕ್‌ಗೆ ಒಟ್ಟು ಹೋದ ಈಥರ್ 60 ಮಿಲೀ (50 ಮೊದಲಿಗೆ, 10 ಟಾಪ್-ಅಪ್), ಅಂದರೆ 42.8 ಗ್ರಾಂ. ಅದರ ಶೇ. 2 ಅಂದರೆ 0.86 ಗ್ರಾಂ ಎಥನಾಲ್, 18.6 ಮಿಲಿಮೋಲ್. ನಿಮ್ಮ ಅಂತರ 18. ಈಥರ್ ಹಾರಿಹೋದರೂ 78 ಡಿಗ್ರಿಗೆ ಕುದಿಯೋ ಎಥನಾಲ್ ಹಿಂದೆಯೇ ಉಳಿಯುತ್ತೆ, ಟಾಪ್-ಅಪ್ ಮಾಡಿದಷ್ಟೂ ಎಥನಾಲ್ ಜಮೆ ಆಗುತ್ತೆ.

3 ಆಂಗ್‌ಸ್ಟ್ರಾಂ ರಂಧ್ರದೊಳಗೆ ನೀರು ತೂರುತ್ತೆ, ಎಥನಾಲ್ ತೂರಲ್ಲ. ಎಥನಾಲನ್ನೇ ಒಣಗಿಸೋಕೆ ಈ ಸೀವ್ಸ್ ಬಳಸೋದು ಅದಕ್ಕೇ. ಕಾರ್ಲ್ ಫಿಷರ್ ಕೂಡ ನೀರನ್ನು ಮಾತ್ರ ನೋಡುತ್ತೆ. ಹಾಗಾಗಿ ಎರಡು ಕಾವಲುಗಾರರನ್ನೂ ದಾಟಿ ಎಥನಾಲ್ ಒಳಗೆ ಬಂದಿದೆ. ಹಳೇ ಪದ್ಧತಿಯ ಸೋಡಿಯಂ ತಂತಿ ಇದ್ದಿದ್ದರೆ ಅದು ಎಥನಾಲನ್ನೂ ತಿಂದುಬಿಡುತ್ತಿತ್ತು. ಸೀವ್ಸ್‌ಗೆ ಬದಲಾದ ಲ್ಯಾಬ್‌ಗಳಲ್ಲೇ ಈ ತೊಂದರೆ ಹೊಸದಾಗಿ ತಲೆ ಎತ್ತೋದು.

ಅಯೋಡಿನ್ ಹಾಕಿದಾಗ ಎದ್ದ ಗುಳ್ಳೆಯ ಮೇಲೂ ನನಗೆ ಅನುಮಾನ. ಮೆಗ್ನೀಸಿಯಂ, ಅಯೋಡಿನ್, ಎಥನಾಲ್ ಮೂರೂ ಸೇರಿದರೆ ಮೆಗ್ನೀಸಿಯಂ ಎಥಾಕ್ಸೈಡ್ ಮತ್ತು ಹೈಡ್ರೋಜನ್. ಸೂಪರ್ ಡ್ರೈ ಎಥನಾಲ್ ಮಾಡೋ ಲುಂಡ್-ಬಿಯೆರಮ್ ವಿಧಾನ (1931) ಇದೇ. ಶೇ. 2ರ ದ್ರಾವಣದಲ್ಲಿ ಅದು ನಿಧಾನ, ಆದರೂ ಒಂದಷ್ಟು ಗುಳ್ಳೆಗೆ ಸಾಕು, ಮತ್ತೆ ಲೋಹದ ಮೇಲೆ ಎಥಾಕ್ಸೈಡ್ ಪದರ ಕೂತರೆ ಸ್ಟಾರ್ಟ್ ಇನ್ನಷ್ಟು ಹಿಂದೆ ಬೀಳುತ್ತೆ.

ಇಳುವರಿಯ ಲೆಕ್ಕವೂ ಕೂಡುತ್ತೆ. 100 ಮಿಲಿಮೋಲ್ ಬ್ರೋಮೋಬೆಂಜೀನ್‌ನಲ್ಲಿ 1.2 ಗ್ರಾಂ ಬೈಫಿನೈಲ್‌ಗೆ 15.6 ಹೋಯ್ತು, ಎಥನಾಲ್ ಕೈಗೆ ಸಿಕ್ಕಿ ಬೆಂಜೀನ್ ಆಗಿದ್ದು 18, ಉಳಿದದ್ದು 66. ಎಸ್ಟರ್ (ಮೀಥೈಲ್ ಬೆಂಜೋಯೇಟ್) ಒಂದಕ್ಕೆ ಎರಡು ಗ್ರಿಗ್ನಾರ್ಡ್ ಬೇಕು, ಅಂದರೆ ಗರಿಷ್ಠ 33 ಮಿಲಿಮೋಲ್, 8.6 ಗ್ರಾಂ ಟ್ರೈಫಿನೈಲ್‌ಮೆಥನಾಲ್. ಮರುಸ್ಫಟಿಕೀಕರಣದ ನಷ್ಟ ಕಳೆದು 7.4 ಸಿಕ್ಕಿದೆ. ನಿಮ್ಮ ಎರಡನೇ ಹಂತದಲ್ಲಿ ದೋಷ ಹುಡುಕೋದೇ ಬೇಡ. ತಾಯಿದ್ರಾವಣದಲ್ಲಿ ಮೀಥೈಲ್ ಬೆಂಜೋಯೇಟ್ ವಾಸನೆ ಇದ್ದೇ ಇರುತ್ತೆ, ನಡುವೆ ಹುಟ್ಟೋ ಕೀಟೋನ್‌ಗಿಂತ ಎಸ್ಟರ್ ನಿಧಾನವಾಗಿ ಪ್ರತಿಕ್ರಿಯಿಸೋದರಿಂದ ಗ್ರಿಗ್ನಾರ್ಡ್ ಕಮ್ಮಿ ಬಿದ್ದಾಗ ಹಾಗೇ ಉಳಿಯೋದು ಎಸ್ಟರ್.

ಪರಿಹಾರ: ಎಥನಾಲ್ ಬದಲು ಬಿಎಚ್‌ಟಿ (ಪೆರಾಕ್ಸೈಡ್ ತಡೆಯೋ ಇನ್ನೊಂದು ವಸ್ತು) ಸ್ಟೆಬಿಲೈಜರ್ ಇರುವ ಬಾಟಲಿ ತರಿಸಿ. ಬಿಎಚ್‌ಟಿ ಪಿಪಿಎಂ ಲೆಕ್ಕದಲ್ಲಿ ಇರೋದರಿಂದ ತಿನ್ನೋದು ನಗಣ್ಯ. ಇರೋದನ್ನೇ ಬಳಸಬೇಕು ಅಂದರೆ ಮೊದಲು ಪೆರಾಕ್ಸೈಡ್ ನೋಡಿ: 1 ಮಿಲೀ ಈಥರ್, 1 ಮಿಲೀ ಶೇ. 10ರ ಪೊಟ್ಯಾಸಿಯಂ ಅಯೋಡೈಡ್, ಒಂದು ಹನಿ ದುರ್ಬಲ ಆಮ್ಲ. ಹಳದಿಗೆ ತಿರುಗಿದರೆ ಫೆರಸ್ ಸಲ್ಫೇಟ್ ದ್ರಾವಣದಲ್ಲಿ ತೊಳೆಯದೆ ಮುಂದೆ ಹೋಗಬೇಡಿ. ಆಮೇಲೆ 500 ಮಿಲೀ ಈಥರನ್ನು 50 ಮಿಲೀ ನೀರಿನಿಂದ ಮೂರು ಸಲ, ಸ್ಯಾಚುರೇಟೆಡ್ ಕ್ಯಾಲ್ಸಿಯಂ ಕ್ಲೋರೈಡ್‌ನಿಂದ ಒಂದು ಸಲ ತೊಳೆದು, 50 ಗ್ರಾಂ ನಿರ್ಜಲ ಕ್ಯಾಲ್ಸಿಯಂ ಕ್ಲೋರೈಡ್ ಮೇಲೆ ರಾತ್ರಿ ಬಿಡಿ. ಅದು ಎಥನಾಲ್ ಜೊತೆ ಜೋಡಿ ಕಟ್ಟಿಕೊಳ್ಳುತ್ತೆ, ಇಲ್ಲಿ ನಮಗೆ ಬೇಕಿರೋದು ಆ ಗುಣವೇ. ಸೋಸಿ, 2-3 ಗ್ರಾಂ ಸೋಡಿಯಂ ತಂತಿ ಹಾಕಿ ಗುಳ್ಳೆ ನಿಲ್ಲುವವರೆಗೆ ಇಡಿ. ಬಾಯಿಗೆ ಗಾರ್ಡ್ ಟ್ಯೂಬ್ ಇರಲಿ, ಬಿಗಿ ಬಿರಡೆ ಹಾಕಿದರೆ ಹೈಡ್ರೋಜನ್ ಎಲ್ಲಿಗೆ ಹೋಗಬೇಕು? ಹೀಗೆ ತಯಾರಾದ ಈಥರ್‌ಗೆ ಈಗ ಯಾವ ಸ್ಟೆಬಿಲೈಜರೂ ಇಲ್ಲ. ಕಂದು ಬಾಟಲಿ, ತಂಪು ಜಾಗ, ಬೇಗ ಮುಗಿಸಿ.

ಎಥನಾಲ್ ಹೋಯ್ತಾ ಅಂತ ನೋಡೋಕೆ ಅಯೋಡೋಫಾರಂ ಸಾಕು: 10 ಮಿಲೀ ಈಥರ್ 5 ಮಿಲೀ ನೀರಿನ ಜೊತೆ ಕುಲುಕಿ, ನೀರಿನ ಪದರ ಬೇರ್ಪಡಿಸಿ, ಅಯೋಡಿನ್-ಕಾಸ್ಟಿಕ್ ಹಾಕಿ 60 ಡಿಗ್ರಿ ನೀರಿನಲ್ಲಿ ಇಡಿ. ಹಳದಿ ಹರಳು ಬಂದರೆ ಇನ್ನೂ ಇದೆ. ಅಸಿಟೋನ್ ತೊಳೆದ ಗಾಜುಪಾತ್ರೆ ಬಳಸಿದರೆ ಸುಳ್ಳು ಪಾಸಿಟಿವ್ ಬರುತ್ತೆ.

ಅಯೋಡಿನ್ ಟೈಟ್ರೇಷನ್ ಮಾಡುವವರಿಗೆ: ಕ್ನೋಕೆಲ್ ಗುಂಪಿನ ವಿಧಾನದಲ್ಲಿ ಅಯೋಡಿನ್ ಕರಗಿಸೋದು 0.5 ಮೋಲಾರ್ ಲಿಥಿಯಂ ಕ್ಲೋರೈಡ್ ಇರುವ ಒಣ ಟಿಎಚ್‌ಎಫ್‌ನಲ್ಲಿ (ಟೆಟ್ರಾಹೈಡ್ರೋಫ್ಯುರಾನ್, ಇನ್ನೊಂದು ಈಥರ್ ಜಾತಿಯ ದ್ರಾವಕ), 5 ಮಿಲೀ, 0 ಡಿಗ್ರಿಯಲ್ಲಿ. ಲಿಥಿಯಂ ಕ್ಲೋರೈಡ್ ಬಿಟ್ಟರೆ ಮೆಗ್ನೀಸಿಯಂ ಲವಣ ಮುದ್ದೆಗಟ್ಟಿ ಕೊನೆಬಿಂದು ಕಾಣಲ್ಲ.


ಬೈಪ್ರಾಡಕ್ಟ್:

ಬೈಫಿನೈಲ್ 1.2 ಗ್ರಾಂ ಯಾಕೆ ಬಂತು ಅಂತ ಯಾರೂ ಹೇಳಲಿಲ್ಲ. ಗುಡ್ಡೆ ಬಿದ್ದ ಬ್ರೋಮೋಬೆಂಜೀನ್, ಬಿಸಿ, ಹುಟ್ಟುತ್ತಿರೋ ಫಿನೈಲ್ ಮೆಗ್ನೀಸಿಯಂ, ಮೂರೂ ಲೋಹದ ಪಕ್ಕದಲ್ಲೇ ಒಟ್ಟಿಗೆ ಇದ್ದರೆ ಜೋಡಣೆ ಆಗೇ ಆಗುತ್ತೆ. ಸ್ಟಾರ್ಟ್ ಸರಿಮಾಡಿಕೊಂಡರೆ ಅರ್ಧ ಇಳಿಯುತ್ತೆ. ಉಳಿದದ್ದಕ್ಕೆ ಬ್ರೋಮೋಬೆಂಜೀನನ್ನು 40 ಮಿಲೀ ಈಥರ್‌ನಲ್ಲಿ ಬೆರೆಸಿ 45 ನಿಮಿಷದಿಂದ ಒಂದು ಗಂಟೆ ಹನಿಸಿ, ಜೋರಾಗಿ ಕಲಕಿ. ಲೋಹದ ಕಲ್ಮಶವೂ ನೋಡಿ: ಬ್ರೋಮೋಬೆಂಜೀನ್ ಜೊತೆ ಫಿನೈಲ್ ಮೆಗ್ನೀಸಿಯಂ ಬ್ರೋಮೈಡ್ ಇದ್ದಾಗ ಚಿಟಿಕೆ ಕೋಬಾಲ್ಟ್ ಕ್ಲೋರೈಡ್ ಬಿದ್ದರೂ ಬೈಫಿನೈಲ್ ಸುರಿಯುತ್ತೆ ಅನ್ನೋದನ್ನು ಖರಾಶ್ 1941ರಲ್ಲೇ ತೋರಿಸಿದ್ದು. ಕಬ್ಬಿಣ, ತಾಮ್ರವೂ ಅದೇ ಜಾತಿ. ತುಕ್ಕು ಹಿಡಿದ ಸ್ಪಾಚುಲಾ ಬೇಡ.


ಎಂಜಿ_ನಾಲ್ಕು:

ಕ್ಲಸ್ಟರ್ ಪ್ರಶ್ನೆಗೆ ಬರ್ತೀನಿ. ಮೊದಲು ನೇರ ಉತ್ತರ: ನಿಮ್ಮ ತಳದ ಕಪ್ಪು ಪುಡಿ ಕ್ಲಸ್ಟರ್ ಅಲ್ಲ. ಟರ್ನಿಂಗ್ಸ್ ಕೊರೆದು ಉದುರಿದ ಸಣ್ಣ ಲೋಹದ ಚೂರು, ಆಕ್ಸೈಡ್ ಸಿಪ್ಪೆ, ಮತ್ತೆ ಮೆಗ್ನೀಸಿಯಂ ಒಳಗಿದ್ದ ಕಬ್ಬಿಣದಂಥ ಕಲ್ಮಶ. ಕ್ಲಸ್ಟರ್ ಅಂದರೆ ಬೆರಳೆಣಿಕೆಯ ಪರಮಾಣುಗಳ ಗುಂಪು, ಕಣ್ಣಿಗೆ ಕಾಣೋ ವಸ್ತು ಅಲ್ಲ. ಆ ಪುಡಿಗೆ ಆಮ್ಲ ಹಾಕಿ ಹೈಡ್ರೋಜನ್ ಬಂತು ಅಂತ ಕ್ಲಸ್ಟರ್ ಅನ್ನೋಕಾಗಲ್ಲ, ಬರೀ ಲೋಹವೂ ಹೈಡ್ರೋಜನ್ ಕೊಡುತ್ತೆ.

ಈಗ ವಿಷಯ. ಒಂಟಿ ಮೆಗ್ನೀಸಿಯಂ ಪರಮಾಣುವಿನ ಹೊರಕವಚ ತುಂಬಿದ 3ಎಸ್ ಜೋಡಿ, ಅದಕ್ಕೆ ಅವಸರ ಇಲ್ಲ. ಎರಡು ಪರಮಾಣು ಹತ್ತಿರ ಬಂದರೂ ಅನಿಲ ಸ್ಥಿತಿಯಲ್ಲಿ 3.89 ಆಂಗ್‌ಸ್ಟ್ರಾಂ ದೂರದಲ್ಲೇ ನಿಂತುಬಿಡುತ್ತವೆ, ಬಂಧ ಅನ್ನೋದು ನೆಪಕ್ಕೆ. ನಾಲ್ಕು ಸೇರಿ ಚತುರ್ಮುಖಿ ಆದಾಗ ಎಸ್ ಮತ್ತು ಪಿ ಬೆರೆತು ನಿಜವಾದ ಬಂಧ ಶುರುವಾಗುತ್ತೆ. ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದ ಕೆನೆತ್ ಕ್ಲಬುಂಡೆ ಗುಂಪು 1980ರ ದಶಕದ ಕೊನೆಯಲ್ಲಿ ಮೆಗ್ನೀಸಿಯಂ ಆವಿಯನ್ನು ಮೀಥೈಲ್ ಹ್ಯಾಲೈಡ್‌ಗಳ ಜೊತೆ ಅತಿಶೀತದಲ್ಲಿ ಘನೀಕರಿಸಿ ನೋಡಿತು. ಒಂಟಿ ಪರಮಾಣುಗಳಿಗಿಂತ ಕ್ಲಸ್ಟರ್‌ಗಳೇ ಹೆಚ್ಚು ಚುರುಕು ಅನ್ನೋದು ಅಲ್ಲಿ ಕಂಡದ್ದು. 2000ದ ಆಸುಪಾಸಿನಲ್ಲಿ ಮಾಸ್ಕೋದ ತ್ಯುರಿನಾ ಮತ್ತು ಸ್ಮಿರ್ನೋವ್ ಗುಂಪು ಒಂದು ಫಿನೈಲ್, ಒಂದು ಹ್ಯಾಲೋಜನ್, ನಾಲ್ಕು ಮೆಗ್ನೀಸಿಯಂ ಇರುವ ಕ್ಲಸ್ಟರ್ ಗ್ರಿಗ್ನಾರ್ಡ್‌ಗಳನ್ನು ಮಾಲ್ಡಿ-ಟೋಫ್ ಮಾಸ್ ಸ್ಪೆಕ್ಟ್ರೋಮೆಟ್ರಿಯಲ್ಲಿ ಗುರುತಿಸಿತು. ಎರಡು ಋಣ ಗುಂಪು, ನಾಲ್ಕು ಲೋಹ: ಸರಾಸರಿ ಉತ್ಕರ್ಷಣ ಸ್ಥಿತಿ ಅರ್ಧ. ಇಂಥದ್ದು ನೀರಿಗೆ ಬಿದ್ದರೆ ಲೆಕ್ಕದ ಪ್ರಕಾರ ಒಂದು ಬೆಂಜೀನ್‌ಗೆ ಮೂರು ಹೈಡ್ರೋಜನ್ ಅಣು ಬರಬೇಕು. ಸಾಮಾನ್ಯ ಗ್ರಿಗ್ನಾರ್ಡ್ ಹೈಡ್ರೋಜನ್ ಕೊಡೋದೇ ಇಲ್ಲ.

ಕಡಿಮೆ ವೇಲೆನ್ಸಿಯ ಇನ್ನೊಂದು ಕುಟುಂಬವೂ ಇದೆ, ಅದನ್ನು ಬಾಟಲಿಯಲ್ಲಿ ಇಡಬಹುದು. 2007ರಲ್ಲಿ ಆಸ್ಟ್ರೇಲಿಯಾದ ಮೊನಾಶ್‌ನಲ್ಲಿ ಕ್ಯಾಮರಾನ್ ಜೋನ್ಸ್, ಆಂಡ್ರಿಯಾಸ್ ಸ್ಟಾಶ್, ಶಾನ್ ಗ್ರೀನ್ ದಪ್ಪ ಲಿಗ್ಯಾಂಡ್‌ಗಳ (ಲೋಹಕ್ಕೆ ಅಂಟಿಕೊಳ್ಳೋ ಅಣುಗಳು) ರಕ್ಷಣೆಯಲ್ಲಿ ಮೆಗ್ನೀಸಿಯಂ(1) ಡೈಮರ್, ಅಂದರೆ +1 ಸ್ಥಿತಿಯ ಎರಡು ಮೆಗ್ನೀಸಿಯಂ ಜೋಡಿ, ಮಾಡಿದರು. ಲೋಹ-ಲೋಹ ದೂರ 2.85 ಆಂಗ್‌ಸ್ಟ್ರಾಂ. ಮೇಲಿನ 3.89ಕ್ಕೆ ಹೋಲಿಸಿ, ಮೆಗ್ನೀಸಿಯಂ ಲೋಹದಲ್ಲಿ ನೆರೆಯವರ 3.20ಕ್ಕೂ ಹೋಲಿಸಿ. 2021ರಲ್ಲಿ ಜರ್ಮನಿಯ ಎರ್ಲಾಂಗೆನ್‌ನಲ್ಲಿ ಸ್ಯೂರ್ಡ್ ಹಾರ್ಡರ್ ಗುಂಪು ಇನ್ನೂ ಕೆಳಗಿಳಿದು ಸೋಡಿಯಂ ಜೊತೆ ಜೋಡಿಸಿಕೊಂಡ ಶೂನ್ಯ ಸ್ಥಿತಿಯ ಮೆಗ್ನೀಸಿಯಂ ಸಂಕೀರ್ಣ ಮಾಡಿತು. ಅದನ್ನು ಬಿಸಿಮಾಡಿದಾಗ ಸೋಡಿಯಂ ಹೊರಬಿದ್ದು ಮೂರು ಮೆಗ್ನೀಸಿಯಂ ಸಾಲಾಗಿ ನಿಂತ ಕ್ಲಸ್ಟರ್ ಉಳಿಯಿತು: ತುದಿಗಳು +1, ನಡುವಿನದು ಶೂನ್ಯ.

ನಿಮ್ಮ ಪ್ರಶ್ನೆಗೆ ಅತಿ ಹತ್ತಿರದ್ದು 2016ರ ಲಂಡನ್ ಇಂಪೀರಿಯಲ್ ಕಾಲೇಜಿನ ಮಾರ್ಕ್ ಕ್ರಿಮಿನ್ ಗುಂಪಿನ ಕೆಲಸ. ಮೆಗ್ನೀಸಿಯಂ(1) ಡೈಮರ್ ಫ್ಲೋರೋಅರೀನ್‌ನ ಇಂಗಾಲ-ಫ್ಲೋರಿನ್ ಬಂಧವನ್ನು ದ್ರಾವಣದಲ್ಲೇ ಸೀಳುತ್ತೆ: ಒಂದು ಮೆಗ್ನೀಸಿಯಂಗೆ ಅರೈಲ್, ಪಕ್ಕದ್ದಕ್ಕೆ ಫ್ಲೋರೈಡ್. ಲೋಹದ ಮೇಲ್ಮೈಯಲ್ಲಿ ಪಕ್ಕಪಕ್ಕದ ಎರಡು ಪರಮಾಣು ಹ್ಯಾಲೈಡ್ ಹಂಚಿಕೊಳ್ಳೋದರ ಚಿಕ್ಕ ಮಾದರಿ ಅಂತ ಅದನ್ನು ನೋಡಬಹುದು. ನನ್ನ ಮಟ್ಟಿಗೆ ಸ್ಟಾರ್ಟ್ ಆಗೋಕೆ ತಡವಾಗೋದು, ಆದಮೇಲೆ ಓಡೋದು, ಎರಡನ್ನೂ ಕ್ಲಸ್ಟರ್ ಚಿತ್ರ ಚೆನ್ನಾಗಿ ವಿವರಿಸುತ್ತೆ. ಗಟ್ಟಿ ಜಾಲರಿಯಿಂದ ಮೊದಲ ಕೆಲವು ಪರಮಾಣು ಸಡಿಲವಾಗೋದೇ ಕಷ್ಟ, ಅಂಚು ಸಡಿಲವಾದ ಮೇಲೆ ಪಕ್ಕದವು ಸುಲಭ.

ಆದರೆ ಇವನ್ನು ತಂದು ಪ್ರಾಕ್ಟಿಕಲ್ ಫ್ಲಾಸ್ಕ್‌ಗೆ ಹಾಕೋ ಮಾತು ಬಿಡಿ. ಗ್ಲವ್‌ಬಾಕ್ಸ್ ವಸ್ತು, ಗ್ರಾಂಗೆ ತಗಲೋ ಶ್ರಮದಲ್ಲಿ ನೂರು ಬ್ಯಾಚ್ ಮೆಗ್ನೀಸಿಯಂ ಬರುತ್ತೆ. ಚುರುಕು ಮೆಗ್ನೀಸಿಯಂ ಬೇಕೇ ಬೇಕು ಅಂದರೆ ರೀಕೆ ವಿಧಾನ: ಟಿಎಚ್‌ಎಫ್‌ನಲ್ಲಿ ನಿರ್ಜಲ ಮೆಗ್ನೀಸಿಯಂ ಕ್ಲೋರೈಡನ್ನು ಪೊಟ್ಯಾಸಿಯಂನಿಂದ ಅಪಕರ್ಷಿಸಿದರೆ ಕಪ್ಪು ಪುಡಿ, ಫ್ಲೋರೈಡ್‌ಗಳನ್ನೂ ಬಿಡಲ್ಲ. ಬ್ರೋಮೋಬೆಂಜೀನ್‌ಗೆ ಅದು ಅತಿಯಾಯ್ತು, ಪೊಟ್ಯಾಸಿಯಂ ವಿದ್ಯಾರ್ಥಿ ಲ್ಯಾಬ್‌ಗೆ ತರೋದಂತೂ ಬೇಡವೇ ಬೇಡ.


ಒಣ_ಫ್ಲಾಸ್ಕ್:

ಎಂಜಿ_ನಾಲ್ಕು ಅವರೇ, ಶೀತಘನೀಕರಣದಲ್ಲಿ ಕಂಡದ್ದನ್ನು ಕುದಿಯೋ ಈಥರ್‌ನ ಟರ್ನಿಂಗ್‌ಗೆ ಅಂಟಿಸುವಾಗ ಸ್ವಲ್ಪ ಕೈ ಬಿಗಿಹಿಡಿಯೋದು ಒಳ್ಳೇದು. ಸ್ಟಾರ್ಟ್ ತಡವಾಗೋಕೆ ಆಕ್ಸೈಡ್ ಮತ್ತು ತೇವ ಎರಡೇ ಸಾಕು. ಪ್ರತಿಕ್ರಿಯೆ ಚುಕ್ಕೆ ಚುಕ್ಕೆಯಾಗಿ ಶುರುವಾಗಿ ಗುಳಿ ಬಿದ್ದು ಹರಡೋದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದಾರೆ, ಸಿಪ್ಪೆ ಒಡೆದ ಕಡೆಯಿಂದ ಶುರು ಅನ್ನೋದಕ್ಕೆ ಅದು ಸರಿಹೊಂದುತ್ತೆ.

ಟರ್ನಿಂಗ್ ಮೇಲೆ ರ್‍ಯಾಡಿಕಲ್ (ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ ಚುರುಕು ಅಣುತುಣುಕು) ಹುಟ್ಟುತ್ತೆ ಅನ್ನೋದರಲ್ಲಿ ಜಗಳ ಇಲ್ಲ. 5-ಹೆಕ್ಸೆನೈಲ್ ಬ್ರೋಮೈಡ್ ಹಾಕಿದರೆ ಒಂದಷ್ಟು ಪಾಲು ಸೈಕ್ಲೋಪೆಂಟೈಲ್‌ಮೀಥೈಲ್ ಆಗಿ ಬರುತ್ತೆ, ಆ ರ್‍ಯಾಡಿಕಲ್ 25 ಡಿಗ್ರಿಯಲ್ಲಿ ಸೆಕೆಂಡಿಗೆ ಎರಡು ಲಕ್ಷದ ದರದಲ್ಲಿ ಉಂಗುರ ಕಟ್ಟುತ್ತೆ. ಜಗಳ ಇದ್ದದ್ದು ಆ ರ್‍ಯಾಡಿಕಲ್ ಲೋಹಕ್ಕೇ ಅಂಟಿಕೊಂಡಿರುತ್ತಾ, ದ್ರಾವಣಕ್ಕೆ ಓಡಾಡಿ ವಾಪಸ್ ಬರುತ್ತಾ ಅನ್ನೋದರ ಮೇಲೆ. ವಾಲ್ಬೋರ್ಸ್ಕಿ ಮೊದಲ ಪಕ್ಷ, ಗಾರ್ಸ್ಟ್ ಎರಡನೇ ಪಕ್ಷ. ವಾಲ್ಬೋರ್ಸ್ಕಿಯ ಸೈಕ್ಲೋಪ್ರೊಪೈಲ್ ಬ್ರೋಮೈಡ್ ತನ್ನ ಕೈರಾಲಿಟಿಯನ್ನು (ಎಡ-ಬಲ ಕೈಗಳಂಥ ವಿನ್ಯಾಸ) ಭಾಗಶಃ ಉಳಿಸಿಕೊಂಡಿದ್ದು ಮೊದಲ ಪಕ್ಷದ ಬಲ, ಹೆಕ್ಸೆನೈಲ್ ಲೆಕ್ಕಾಚಾರ ಎರಡನೆಯದರ ಬಲ. ಕ್ಲಸ್ಟರ್‌ಗೆ ಇಲ್ಲಿ ಜಾಗ ಇಲ್ಲ ಅಂತಲ್ಲ, ಆದರೆ ಟರ್ನಿಂಗ್-ಈಥರ್‌ನಲ್ಲಿ ಅದನ್ನು ಹಿಡಿದು ತೋರಿಸಿದ ಪ್ರಯೋಗ ಬೇಕು.


ಎಂಜಿ_ನಾಲ್ಕು:

ಒಪ್ಪಿದೆ, ಹಿಡಿದು ತೋರಿಸೋದು ಬಾಕಿ ಇದೆ. ಆದರೆ ರ್‍ಯಾಡಿಕಲ್ ಜೊತೆ ಉಳಿಯೋ ಇನ್ನರ್ಧ ಏನು ಅಂತ ಕೇಳಿಕೊಳ್ಳಿ. ಪಾಠದಲ್ಲಿ ಅದನ್ನು ಒಂಟಿ ಮೆಗ್ನೀಸಿಯಂ(1) ಹ್ಯಾಲೈಡ್ ಅಂತ ಬರೆದುಬಿಡ್ತೀವಿ. ಲೋಹದ ಮೇಲೆ ಅದು ಒಂಟಿಯಾಗಿ ಕೂತಿರೋಕೆ ಸಾಧ್ಯವೇ ಇಲ್ಲ, ಪಕ್ಕದ ಪರಮಾಣುಗಳ ಜೊತೆ ಎಲೆಕ್ಟ್ರಾನ್ ಹಂಚಿಕೊಂಡೇ ಇರುತ್ತೆ. ನನ್ನ ವಾದ ಅಷ್ಟೇ.


ಕೀಟೋನ್_ಕಲಬುರಗಿ:

ಬಿಎಚ್‌ಟಿ ಈಥರ್, ರಾತ್ರಿ ಒಣ ಕಲಕಿದ ಟರ್ನಿಂಗ್ಸ್, 24 ಡಿಗ್ರಿ ತೊಟ್ಟಿ, ಮೊದಲಿಗೆ 1 ಮಿಲೀ ಬ್ರೋಮೋಬೆಂಜೀನ್ ಮಾತ್ರ. ಅಯೋಡಿನ್, ಡೈಬ್ರೋಮೋಈಥೇನ್ ಎರಡೂ ಹಾಕಿಲ್ಲ. ನಾಲ್ಕನೇ ನಿಮಿಷಕ್ಕೆ ಚುಕ್ಕೆ ಮತ್ತು ಮಬ್ಬು, ಆಮೇಲೆ ತೊಟ್ಟಿಯಲ್ಲೇ ಕುದಿ. ಉಳಿದದ್ದು 50 ನಿಮಿಷ ಹನಿಸಿದ್ದು, ಉಕ್ಕಲಿಲ್ಲ. 60 ಮಿಲೀಯಲ್ಲಿ ಆಸಿಡ್ 1.53, ಅಯೋಡಿನ್ 1.49. ಬೈಫಿನೈಲ್ 0.5 ಗ್ರಾಂ. ಹಳೇ ಬಾಟಲಿಯ ನೀರಿನ ತೊಳೆತಕ್ಕೆ ಅಯೋಡೋಫಾರಂ ಧಾರಾಳವಾಗಿ ಬಂತು, ಹೊಸದಕ್ಕೆ ಇಲ್ಲ.

ಮೇ ತಿಂಗಳಲ್ಲಿ ಮತ್ತೊಂದು ಬ್ಯಾಚ್ ಮಾಡಿಸಬೇಕು. ಆಗ ಟಿಎಚ್‌ಎಫ್‌ಗೆ ಹೋಗೋದಾ? ಮತ್ತೆ ಉಳಿದ ಮೆಗ್ನೀಸಿಯಂ ಚೂರು ಏನು ಮಾಡೋದು?


ಬೈಪ್ರಾಡಕ್ಟ್:

ಟಿಎಚ್‌ಎಫ್ 66ಕ್ಕೆ ಕುದಿಯುತ್ತೆ, ಆ ಮಟ್ಟಿಗೆ ಸಲೀಸು. ಆದರೆ ನೀರಿನ ಜೊತೆ ಬೆರೆಯೋದರಿಂದ ವರ್ಕ್‌ಅಪ್‌ನಲ್ಲಿ ಪದರ ಬೇರಾಗೋಕೆ ವಿದ್ಯಾರ್ಥಿಗಳು ಒದ್ದಾಡ್ತಾರೆ. ಬಜೆಟ್ ಇದ್ದರೆ 2-ಮೀಥೈಲ್ ಟಿಎಚ್‌ಎಫ್ ತರಿಸಿ: 80ಕ್ಕೆ ಕುದಿಯುತ್ತೆ, ನೀರಿನಿಂದ ಬೇರೆಯಾಗುತ್ತೆ. ಎರಡರಲ್ಲೂ ರಿಫ್ಲಕ್ಸ್ ನೋಡಿ ಸ್ಟಾರ್ಟ್ ಹೇಳೋಕಾಗಲ್ಲ, ಒಳಗೆ ಥರ್ಮಾಮೀಟರ್ ಇಳಿಬಿಡಿ. ಸ್ಟಾರ್ಟ್‌ಗೆ ಮುಂಚೆ 10% ನಿಯಮ ಇಲ್ಲಿ ಇನ್ನೂ ಮುಖ್ಯ, ಕುದಿಬಿಂದು ಎತ್ತರ ಇರೋದರಿಂದ ಬಿಸಿ ಗುಡ್ಡೆ ಬಿದ್ದದ್ದು ತಡವಾಗಿ ಗೊತ್ತಾಗುತ್ತೆ.

ಉಳಿದ ಚೂರು: ಗ್ರಿಗ್ನಾರ್ಡ್ ದ್ರಾವಣವನ್ನು ಗಾಜಿನ ಹತ್ತಿ ಮೂಲಕ ಬೇರೆ ಫ್ಲಾಸ್ಕ್‌ಗೆ ದಾಟಿಸಿದ ಮೇಲೆ, ತಳದ ಲೋಹಕ್ಕೆ ನೈಟ್ರೋಜನ್ ಅಡಿಯಲ್ಲಿ ಐಸ್ ತೊಟ್ಟಿಯಲ್ಲೇ ಐಸೊಪ್ರೊಪನಾಲ್ ಹನಿಹನಿಯಾಗಿ, ಗುಳ್ಳೆ ನಿಂತ ಮೇಲೆ ಸ್ಯಾಚುರೇಟೆಡ್ ಅಮೋನಿಯಂ ಕ್ಲೋರೈಡ್, ಕೊನೆಗೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಪೂರ್ತಿ ಕರಗುವವರೆಗೆ ಹುಡ್ ಒಳಗೇ ಬಿಡಿ. ಈಥರ್ ತೇವ ಇರೋ ಚೂರನ್ನು ನೇರ ಕಸದ ಬುಟ್ಟಿಗೆ ಹಾಕೋದು, ಸಿಂಕ್‌ಗೆ ಸುರಿಯೋದು ಎರಡೂ ಬೇಡ.